ಸೊನ್ನೆ ಕೆಬಿ

ಮೆಸ್ತಿಯಾದಲ್ಲಿ ಹಿಮ ಬಿದ್ದು ದಾರಿ ಮುಚ್ಚಿ ನಾಲ್ಕು ದಿನ.
ಬಸ್ಸಿಲ್ಲ, ಹಾಲಿಲ್ಲ, ಹೇಗೋ ಒಂದು ತಂತಿ ಮಾತ್ರ ಬದುಕಿದೆ.
ಅದರ ಆ ತುದಿಗೆ ದನಕುರಿಗಳ ಔಷಧಿ ಅಂಗಡಿಯ ತ್ಸಿಯುರಿ,
ಈ ತುದಿಗೆ, ತ್ಬಿಲಿಸಿಯ ಎಂಟನೇ ಮಹಡಿಯಲ್ಲಿ,
ಉಣ್ಣೆಯ ಕಾಲುಚೀಲ ಹಾಕಿಕೊಂಡು ನಾನು.

ಪರದೆ ಮೇಲೊಂದು ಸಂಖ್ಯೆ ಇದೆಯಲ್ಲ, ಓದಿ.
ಓದುತ್ತಾಳೆ, ನಮ್ಮ ಭಾಷೆಯ ಲೆಕ್ಕದಲ್ಲಿ:
ನಾಲ್ಕಿಪ್ಪತ್ತು, ಮೇಲೆ ಹದಿನೇಳು.
ಎರಡಿಪ್ಪತ್ತು, ಮೇಲೆ ಹದಿನೆಂಟು.
ಮೂರಿಪ್ಪತ್ತು, ತಡೀರಿ, ಕನ್ನಡಕ...
ಮೇಲೆ ಹದಿಮೂರು.
ಕೂಡಿಸಿ ಕೂಡಿಸಿ ಒತ್ತುವಷ್ಟರಲ್ಲಿ
ಪಾಸ್‌ವರ್ಡು ಬದಲಾಗಿರುತ್ತದೆ.
ಒಂದೊಂದೇ ಅಂಕಿ ಹೇಳಿ, ಕಲ್ಬತೋನೋ ತ್ಸಿಯುರಿ.
"ನಾನೇನು ಒಂದನೇ ಕ್ಲಾಸಿನವಳಾ?"

ಮೂರನೇ ಸಲಕ್ಕೆ ಒಪ್ಪಿಗೆ ಒತ್ತಿದಳು.
ಬಾಣ ತಾನಾಗಿ ಅಲುಗಿದ್ದೇ
ಬಿಸಿ ಬಾಣಲೆ ತಗುಲಿದಂತೆ ಮೌಸಿನಿಂದ ಕೈ ಕಿತ್ತಳು.
"ಬತೋನೋ ಗೋಚಾ, ಒಳಗೆ ಬಂದಿರಾ?"
ಬಂದೆ.
"ಕಾಲು ಒರೆಸಿಕೊಂಡಿರಾ?"
ಅವಳು ನಗಲಿಲ್ಲ.
ನಾನೂ ನಗಲಿಲ್ಲ. ಬಗ್ಗಿ ಕಾಲು ನೋಡಿಕೊಂಡೆ.

ಕೆಲಸ ಇಷ್ಟೇ: ಎರಡೂ ಕಡೆ ಒಂದೇ ಫೋಲ್ಡರು.
ಇಲ್ಲಿ ಅವಳು ಲಸಿಕೆಯ ರಸೀದಿ ಹಾಕಿದರೆ
ಜುಗ್ದಿದಿಯ ಲೆಕ್ಕಿಗನಿಗೆ ಅಲ್ಲಿ ಕಾಣಬೇಕು.
ಜೊತೆಗೊಂದು ಕಾಯಂ ಪಾಸ್‌ವರ್ಡು,
ಅವಳು ಮಲಗಿದ್ದಾಗಲೂ ನಾನು ಬಂದು ರಿಪೇರಿ ಮಾಡಿ ಹೋಗಲು.
ಕಳ್ಳನ ಕೈಗೆ ಬೀಗದಕೈ ಕೊಟ್ಟ ಹಾಗಾಗದಿರಲೆಂದು
ಅವಳಿಂದಲೇ ಟೈಪು ಮಾಡಿಸಿದೆ.
ಮಾಡುತ್ತ ಮಾಡುತ್ತ ಗಟ್ಟಿಯಾಗಿ ಓದಿದಳು;
ಅಂಗಡಿಯಲ್ಲಿ ಯಾರೋ ಗಿರಾಕಿ ಕೆಮ್ಮಿದ.

ಊರಿಗೆ ಬಂದವನು ನೀರಿಗೆ ಬಾರದಿರುತ್ತಾನೆಯೇ?
ಪಟ್ಟಿ ತೆರೆದರೆ ಪಟ್ಟಿಯೆಲ್ಲ ಕಾಣುತ್ತದೆ.
ಕುರಿಜ್ವರ ೨೦೧೯. ಸಾಲ ತೀರಿಸಿದವರು.
ಸಾಲ ತೀರಿಸದೆ ಸತ್ತವರು.
ಅದರ ಕೆಳಗೆ: ತೆರೆಯಬೇಡ.

ತೆರೆಯಲಿಲ್ಲ.
ಆದರೆ ಯಂತ್ರಕ್ಕೆಲ್ಲಿಯ ಮಾನ ಮರ್ಯಾದೆ,
ಹೆಸರಿನ ಪಕ್ಕದಲ್ಲೇ ತೂಕ ಹೇಳಿಬಿಡುತ್ತದೆ:
ಸೊನ್ನೆ ಕೆಬಿ.
ಹುಟ್ಟಿದ್ದು ಆರು ವರ್ಷದ ಹಿಂದೆ, ಬೆಳಗಿನ ಜಾವ ನಾಲ್ಕೂ ಹತ್ತಕ್ಕೆ.

ಆರು ವರ್ಷ ಖಾಲಿ ಪೆಟ್ಟಿಗೆ ಕಾದವಳು
ಫೋನಿನಲ್ಲಿ ಉಸಿರು ಹಿಡಿದಿದ್ದಾಳೆ,
ನನ್ನ ಬಾಣ ಎಲ್ಲಿ ನಿಂತಿದೆಯೆಂದು ನೋಡುತ್ತ.
ಹಲ್ಲು ಕೀಳುವವನು ನಾಲಗೆಯ ಸುದ್ದಿಗೆ ಹೋಗಬಾರದು.
ಹಂಚುವ ಪಟ್ಟಿಯಲ್ಲಿ ಅದರ ಮುಂದಿನ ಟಿಕ್ಕು ತೆಗೆದೆ.
ಇದು ನಿಮ್ಮಲ್ಲೇ ಇರಲಿ, ಅಂದೆ.
"ಯಾವುದು?"
ಯಾವುದೂ ಅಲ್ಲ.

ಮಾರ್ಚಿನಲ್ಲಿ ಪ್ರಿಂಟರು ಮುನಿಸಿಕೊಂಡಿತು. ಮತ್ತೆ ಹೋದೆ.
ರಸೀದಿಗಳ ನಡುವೆ ಹಸುವಿನ ಗೊರಸಿನದೊಂದು ಫೋಟೊ;
ಲೆಕ್ಕಿಗ ಪಾಪ ಅದಕ್ಕೂ ವೋಚರು ಸಂಖ್ಯೆ ಕೊಟ್ಟಿದ್ದ.
ಕಣ್ಣು ತಾನೇ ಜಾರಿತು ಕೆಳಗಿನ ಸಾಲಿಗೆ.
ತೆರೆಯಬೇಡ. ಹನ್ನೊಂದು ಕೆಬಿ.
ನಿನ್ನೆ ರಾತ್ರಿ.

ಪರೀಕ್ಷೆಗೊಂದು ಹಾಳೆ ಹೊಡೆದೆ. ಬಂತಾ?
"ಬಂತು. ಹೋಗುವಾಗ ಬಾಗಿಲು ಎಳೆದುಕೊಳ್ಳಿ."
ನಾನಲ್ಲ, ನೀವು. ಮೊದಲು ಆ ಕಾಯಂ ಪಾಸ್‌ವರ್ಡು ಅಳಿಸಿ.
ಆಮೇಲೆ ಬಲಗಡೆ ಮೇಲೆ, ಕೆಂಪು ಕತ್ತರಿ ಗುರುತು.
"ಮತ್ತೆ ಕೆಟ್ಟರೆ?"

ಕೆಟ್ಟರೆ ಕರೆಯಿರಿ. ಸಂಖ್ಯೆ ಓದಿ, ಹೇಗಾದರೂ ಓದಿ.
ಇಪ್ಪತ್ತರ ಮೇಲೆ ಇಪ್ಪತ್ತು ಕೂಡಿಸುತ್ತ
ಹೊಸಿಲಾಚೆ ನಿಂತಿರುತ್ತೇನೆ.