ಸಾವಿರ ಓಮ್

ಯಾರ್ಕ್‌ಟನ್ನಿನಲ್ಲಿ ಮಾರ್ಚ್ ಎಂದರೆ ಇನ್ನೂ ಚಳಿಗಾಲವೇ.
ಚರ್ಚಿನ ನೆಲಮಾಳಿಗೆಯ ಅಡುಗೆಮನೆಗೆ ಇಳಿದಾಗ
ಐದು ಹೆಂಗಸರು, ಒಬ್ಬ ಖಜಾಂಚಿ,
ಮೇಜಿನ ಮೇಲೆ ಈಸ್ಟರಿನ ತಾಲೀಮಿಗೆ ಸುಟ್ಟ ಏಳು ಪಾಸ್ಕಾ ಬ್ರೆಡ್ಡು.
ಮೇಲೆ ಜಡೆ ಹೆಣೆದ ಹಿಟ್ಟಿನ ಸಿಂಗಾರ,
ಒಳಗೆ, ಬೆರಳೊತ್ತಿದರೆ ಗುರುತು ಹಾಗೇ ಉಳಿಯುವಷ್ಟು ಹಸಿ.

ಈಸ್ಟ್ ಸತ್ತಿದೆ ಅಂದಳು ಒಬ್ಬಳು.
ಹಿಟ್ಟೇ ಸರಿಯಿಲ್ಲ, ಮಿಲ್ಲು ಕೈ ಬದಲಾಗಿದೆ, ಇನ್ನೊಬ್ಬಳು.
ಮೂರನೆಯವಳು ಏನೂ ಅನ್ನಲಿಲ್ಲ,
ತೆಯೊದೋಸಿಯಾಳ ಕೈಗಳನ್ನು ನೋಡಿದಳು, ಅಷ್ಟೆ.
ಇಪ್ಪತ್ತೆರಡು ಈಸ್ಟರಿನ ಕೈಗುಣ
ಏಪ್ರನ್ನಿನ ಕೆಳಗೆ ಸರಿಯಿತು.

ಬೊಹ್ದಾನ್ ರಸೀದಿ ಚಾಚಿದ:
"ಸೆನ್ಸರ್ ಹೊಸದು. ಜನವರಿಯಲ್ಲಿ ನಾನೇ ಹಾಕಿದ್ದು. ಹಳೆಯದು ಕೆಟ್ಟಿತ್ತು."
ಕೆಟ್ಟಿತ್ತೆಂದು ಹೇಗೆ ಗೊತ್ತಾಯಿತು?
"ಬ್ರೆಡ್ ಬೇಯುತ್ತಿರಲಿಲ್ಲವಲ್ಲ."
ಹೊಸದು ಹಾಕಿದ ಮೇಲೆ?
ಅವನು ರಸೀದಿ ಮಡಚಿದ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡುವುದೇ ನನ್ನ ಕಸುಬು,
ಗಂಟೆಗೆ ಎಪ್ಪತ್ತು ಡಾಲರ್, ದಾರಿಖರ್ಚು ಬೇರೆ.
ಮೊದಲು ಕರೆಂಟ್ ತೆಗೆದೆ.
ಒಲೆಯ ಬೆನ್ನು ಬಿಚ್ಚಿ, ಬೋರ್ಡಿನ ಬಳಿ ಎರಡು ತಂತಿಗೆ
ಮೀಟರಿನ ಮೂತಿ ತಾಗಿಸಿದೆ.
ಸಾವಿರದ ನೂರ ಎಪ್ಪತ್ತೆಂಟು.
ತಣ್ಣಗೆ ಕೂತ ಒಲೆ, ಇಪ್ಪತ್ತು ಡಿಗ್ರಿಯ ಕೋಣೆ;
ಬರಬೇಕಾದ್ದು ಸಾವಿರದ ಎಪ್ಪತ್ತೆಂಟು.
ಆ ಒಂದು ನೂರರ ಅರ್ಥ ಇಷ್ಟೇ:
ಹೊತ್ತಿಸುವ ಮೊದಲೇ ಒಲೆಗೆ
ತಾನು ಇಪ್ಪತ್ತಾರು ಡಿಗ್ರಿ ಹೆಚ್ಚು ಕಾದಿದ್ದೇನೆಂಬ ಭ್ರಮೆ.
ನೂರ ಎಂಬತ್ತು ಎಂದು ಹೇಳಿ ನೂರೈವತ್ತರ ಹತ್ತಿರವೇ ಕೈ ತೊಳೆದುಕೊಳ್ಳುತ್ತದೆ,
ಕೆಲವು ಮನುಷ್ಯರ ಹಾಗೆ, ಪ್ರಾಮಾಣಿಕವಾಗಿ.

"ಅಂದರೆ ಹೊಸದೂ ಕೆಟ್ಟದ್ದೇ,"
ಬೊಹ್ದಾನನ ಕೈ ಆಗಲೇ ಫೋನಿನ ಮೇಲೆ.
ತಡಿ ಅಂದೆ. ಒಂದು ಲೋಟ ಹಿಮ ಬೇಕು.

ತೆಯೊದೋಸಿಯಾಳೇ ಹೋದಳು. ಕೋಟು ಹಾಕದೆ ಮೆಟ್ಟಿಲು ಹತ್ತಿ
ಯಾರೂ ಹೆಜ್ಜೆಯಿಡದ ಕಡೆಯಿಂದ ಬಗೆದು ತಂದಳು.
ನೀರು ಬೆರೆಸಿ ಕಲಕಿ
ಪೆನ್ಸಿಲ್ ಗಾತ್ರದ ಆ ಕಡ್ಡಿಯನ್ನು ಅದ್ದಿ ಕಾದೆ.
ಹಿಮ ಕರಗುತ್ತಿರುವ ನೀರಿಗೆ ಯಾರ ದಾಕ್ಷಿಣ್ಯವೂ ಇಲ್ಲ,
ಚರ್ಚಿನಲ್ಲೂ ಅದು ಸೊನ್ನೆ, ಜೈಲಿನಲ್ಲೂ ಸೊನ್ನೆ.
ಸೊನ್ನೆಗೆ ಸಾವಿರ ಓಮ್: ಕಾರ್ಖಾನೆ ಕೊಟ್ಟ ಮಾತು.
ಸಾವಿರದ ನಲವತ್ತು,
ಹದಿನಾಲ್ಕು,
ಮೂರು.
ಸಾವಿರ.
ಅಲ್ಲೇ ನಿಂತಿತು.

ಸೆನ್ಸರ್ ಸುಳ್ಳಾಡುತ್ತಿಲ್ಲ.
ಮಾತು ದಾರಿಯಲ್ಲಿ ಕೆಡುತ್ತಿದೆ.

ಟಾರ್ಚನ್ನು ಹಲ್ಲಲ್ಲಿ ಕಚ್ಚಿ ತಂತಿಯ ಜಾಡು ಹಿಡಿದೆ.
ಗಾಜಿನುಣ್ಣೆಯ ಒಳಗೆ, ಕಡಲೆಕಾಯಿಯಷ್ಟು ಒಂದು ಜೋಡಣೆ,
ಯಾವುದೋ ವರ್ಷ ಉಕ್ಕಿದ ಬೀಟ್‌ರೂಟ್ ಸಾರಿನ ಹಬೆ ಕುಡಿದು
ಹಸಿರು ಕಿಲುಬು ಹಿಡಿದು ಕೂತಿತ್ತು.
ಕತ್ತರಿಸಿ ಎಸೆದೆ, ತಾಮ್ರ ಕೆರೆದು ಸೇರಿಸಿ
ಪಿಂಗಾಣಿಯ ಟೊಪ್ಪಿಗೆ ತೊಡಿಸಿದೆ. ನಾಲ್ಕು ಡಾಲರಿನ ಸಾಮಾನು.
ಸಾವಿರದ ಎಪ್ಪತ್ತೆಂಟು.

ಒಂದೇ ಒಂದು ಬ್ರೆಡ್ಡು ಒಳಗಿಟ್ಟು ನಲವತ್ತು ನಿಮಿಷ.
ಯಾರೂ ಕೂರಲಿಲ್ಲ.
ವಾಸನೆ ಬಂದ ಮೇಲೆ ಮೂರನೆಯವಳು ಬಾಯಿ ಬಿಟ್ಟಳು:
"ಒಲೆಯದೇ ತಪ್ಪು ಅಂತ ನಾನು ಆವತ್ತೇ ಹೇಳಲಿಲ್ಲವೆ?"

ತೆಯೊದೋಸಿಯಾ ಬ್ರೆಡ್ಡಿನ ಕಡೆ ನೋಡಲೂ ಇಲ್ಲ.
"ಹಳೆಯದು ಎಲ್ಲಿ?" ಅಂದಳು.
ಮುಚ್ಚಳ, ಸತ್ತ ಬ್ಯಾಟರಿಗಳ ನಡುವೆ, ಕೆಳಗಿನ ಡ್ರಾಯರಿನಲ್ಲಿ
ಬೊಹ್ದಾನ್ ಅದನ್ನು ಎಸೆಯದೆ ಇಟ್ಟಿದ್ದ.
ಲೋಟದಲ್ಲಿ ಇನ್ನೂ ಒಂದಿಷ್ಟು ಹಿಮ ಇತ್ತು.
ಅವಳು ಕಡ್ಡಿ ಹಿಡಿದಳು, ನಾನು ಮೀಟರ್ ಹಿಡಿದೆ.
ಅಂಕಿ ಜಾರಿತು, ಜಾರಿತು,
ಸಾವಿರ.

ಏಪ್ರನ್ನಿನಲ್ಲಿ ಒರೆಸಿ
ಉಪ್ಪಿನ ಡಬ್ಬಿಯ ಮೇಲಿನ ಮೊಳೆಗೆ
ಅದರ ತಂತಿಯಿಂದಲೇ ಅದನ್ನು ತೂಗುಹಾಕಿದಳು.
ತೋಳು ಮಡಚಿ ಹಿಟ್ಟಿಗೆ ಕೈ ಹಾಕಿದಳು.

ಆ ಎರಡನೆಯ ಪರೀಕ್ಷೆಗೆ ನಾನು ದುಡ್ಡು ಹಾಕಲಿಲ್ಲ.
ಬೊಹ್ದಾನ್ ಮಾತ್ರ ಬಿಲ್ಲನ್ನು ಎರಡು ಸಲ ಕೂಡಿ ನೋಡಿದ.