ಮುಂದಿನ ಸೀಟು

ಕೊರಟಗೆರೆ ದಾಟಿತು. ಎರಡನೇ ಗೇರಿನಲ್ಲಿ
ಗೊಣಗುತ್ತಾ ಏರುತ್ತಿದೆ ಹಳೇ ಮಾರುತಿ.
ಪಕ್ಕದಲ್ಲಿ ಅಪ್ಪ, ಬೆಲ್ಟು ಬಿಗಿದುಕೊಂಡು,
ಮಡಿಲಲ್ಲಿ ಹುರಿಗಡಲೆ ಪೊಟ್ಟಣ.

ಮೂವತ್ತೊಂದು ವರ್ಷ ಇದೇ ರೋಡು,
ತುಮಕೂರು–ಪಾವಗಡ.
ಕಂಡಕ್ಟರ್ ಕದರಪ್ಪ ಅಂದರೆ ತಿರುವುಗಳೂ
ಸರಿಯಾದ ಚಿಲ್ಲರೆ ಇಟ್ಟುಕೊಂಡು ಕಾಯುತ್ತಿದ್ದವಂತೆ.
ಈಗಲೂ ಬಾಯಿ ತಡೆಯದು:
"ರೈಟ್, ರೈಟ್… ಹೋಲ್ಡಾನ್!"
ನಾನು ಸುಮ್ಮನೆ ಸ್ಟೀರಿಂಗು ತಿರುಗಿಸುತ್ತೇನೆ.

ಬಂಡೆಯ ಮೇಲೆ ಬಂಡೆ, ಸಂದಿಯಲ್ಲಿ ಸೀತಾಫಲ,
ಅರ್ಧ ರಸ್ತೆಗೆ ಯಾರೋ ಹರವಿದ ಹುಣಸೆಹಣ್ಣು.
ಆ ತಿರುವು ಕಳೆದದ್ದೇ,
ಗಾಜಿನ ತುಂಬ ಮಧುಗಿರಿ ಬೆಟ್ಟ.
ಒಂದೇ ಕಲ್ಲು.

ಕಡಲೆ ಹಿಡಿದ ಕೈ ಬಾಯಿಯ ಹತ್ತಿರ ನಿಂತಿತು.
"ಇದು ಹಿಂಗೆ ಎದುರಿಗೆ ಬತ್ತದೇನೇ?"

ಯಾಕೆ ಕೇಳಿದರೆಂದು ತಿಳಿಯಲು ನನಗೆ
ಇನ್ನೊಂದು ಮೈಲಿ ಬೇಕಾಯಿತು.
ಇಂಜಿನ್ನಿಗೆ ಬೆನ್ನು, ಜನಕ್ಕೆ ಮುಖ,
ಬೆರಳ ಸಂದಿಯಲ್ಲಿ ನೋಟು ಮಡಚಿ
ಟಿಕೆಟ್ಟು ಹರಿಯುತ್ತಾ ನಿಂತವರಿಗೆ
ಬೆಟ್ಟವೆಂದರೆ ಯಾವತ್ತೂ
ಹಿಂದಿನ ಗಾಜಿನಲ್ಲಿ, ತಲೆಗಳ ಮೇಲೆ,
ಸಣ್ಣಗಾಗುತ್ತಾ ಹೋಗುವಂಥದ್ದು.

ಇಂಜಿನ್ ಕಾದಿದೆ ಎಂದು ಗಾಡಿ ನಿಲ್ಲಿಸಿದೆ.
ಸುಳ್ಳೆಂದು ಅವರಿಗೂ ಗೊತ್ತು.
ಇಳಿಯಲಿಲ್ಲ, ವಾಚು ನೋಡಲಿಲ್ಲ,
ಕಿಟಕಿಯಾಚೆ ಕೈ ಇಳಿಬಿಟ್ಟು ಕೂತವರು
ಬಹಳ ಹೊತ್ತು
ಬಾಗಿಲ ತಗಡಿಗೆ ಬಡಿಯಲೇ ಇಲ್ಲ.