ಮಿತಿಗಳೆಂಬ ಅಧ್ಯಾಯದಲ್ಲಿ ಬರೆಯದ್ದು

ಬಂದ್ಯೋಡಿನ ಆ ಶಾಲೆಯಲ್ಲಿ ಎರಡನೇ ತರಗತಿಗೆ ಎರಡು ಕೋಣೆ.
ಎ ಎಂದರೆ ಕನ್ನಡ, ಬಿ ಎಂದರೆ ಮಲಯಾಳ.
ನಡುವಿನ ಪ್ಲೈವುಡ್ ತಟ್ಟಿ ಸೂರಿನವರೆಗೆ ಮುಟ್ಟುವುದಿಲ್ಲ;
ಈ ಬದಿಯ ಮಗ್ಗಿ ಆ ಬದಿಯ ಪದ್ಯದೊಳಗೆ ಬೀಳುತ್ತದೆ.
ನಾನು ಹೋದದ್ದು ನೆನಪನ್ನು ಅಳೆಯಲಿಕ್ಕೆ:
ಹನ್ನೆರಡು ಪದ ಓದುವುದು, ಹತ್ತು ನಿಮಿಷ ಬೇರೆ ಮಾತು,
ಮತ್ತೆ ಎಷ್ಟು ಉಳಿಯಿತೆಂದು ಎಣಿಸುವುದು.

ಗೈಡ್ ಮೊದಲೇ ಹೇಳಿದ್ದರು, ಇದು ಪ್ರಯೋಗ ಅಲ್ಲ, ಅರೆಪ್ರಯೋಗ.
ಯಾರು ಎಲ್ಲಿ ಕೂರಬೇಕೆಂದು ಚೀಟಿ ಎತ್ತಿದವಳು ನೀನಲ್ಲ.
ಅಜ್ಜನ ಹಟ, ವ್ಯಾನಿನ ದಾರಿ, ಅಕ್ಕನ ಹಳೆಯ ಪುಸ್ತಕ,
ಮುಂದೆಂದೋ ಬರೆಯಬೇಕಾದ ಪಿಎಸ್‌ಸಿ ಪರೀಕ್ಷೆ,
ಇಷ್ಟು ಕೈ ಸೇರಿ ಒಂದು ಮಗುವನ್ನು ಒಂದು ಬೆಂಚಿಗೆ ತಳ್ಳಿರುತ್ತವೆ.
ಆಮೇಲೆ ನೀನು ಬಂದು
ಬೆಂಚಿನಿಂದಲೇ ಹೀಗಾಯಿತು ಅನ್ನಬಾರದು.

ಪದಪಟ್ಟಿಯೂ ಕೈಕೊಟ್ಟಿತು.
ಏಣಿ ಆಚೆಗೂ ಏಣಿ.
ಕಲ್ಲು, ಉಪ್ಪು, ಮೀನು: ಬಾಲ ಮಾತ್ರ ತುಸು ಗಿಡ್ಡ.
ಮೂರು ವಾರ ತಡಕಾಡಿ
ಕೊನೆಗೆ ಕಿಟಕಿಯನ್ನು ಹಿಡಿದುಕೊಂಡು ಬಚಾವಾದೆ.

ಮೊದಲ ಪರೀಕ್ಷೆಗೂ ಎರಡನೆಯದಕ್ಕೂ ನಡುವೆ ಐದು ತಿಂಗಳು.
ಅಷ್ಟರಲ್ಲಿ ಮೂವತ್ತೆಂಟು ಹಾಲುಹಲ್ಲು ಬಿದ್ದಿದ್ದವು,
ಯಾರೂ ಕೇಳದಿದ್ದರೂ ಎಣಿಸಿದೆ.
ಐಸ್ ಪ್ಲಾಂಟ್ ಮುಚ್ಚಿ ನಿಹಾಲನ ಅಪ್ಪ
ಸಂಸಾರ ಕಟ್ಟಿಕೊಂಡು ಬೇಪೂರಿಗೆ ಹೋದ.
ಹೀಗೆ ನಡುವೆ ತಪ್ಪಿಹೋದವರಿಗೆ
ನಮ್ಮ ಶಾಸ್ತ್ರದಲ್ಲಿ ಒಂದು ಶಬ್ದ ಉಂಟು: ಮರಣ.
ಏಳು ವರ್ಷದ ಹುಡುಗನ ಹೆಸರಿನ ಮುಂದೆ
ಪೆನ್ನು ಏಳಲಿಲ್ಲ. ಬಂದಿಲ್ಲ ಎಂದು ಬರೆದೆ.

ಇನ್ನು ಅವರಿಬ್ಬರು.
ಧನ್ವಿತಾ ಎ, ಮನ್ವಿತಾ ಬಿ.
ಒಂದೇ ಹೊಟ್ಟೆ, ಏಳು ನಿಮಿಷದ ಅಂತರ,
ಮನೆಯಲ್ಲಿ ಆಡುವುದು ಎರಡೂ ಅಲ್ಲ, ತುಳು.
ಎ ಡಿವಿಷನ್ನಿಗೆ ಒಂದು ತಲೆ ಕಡಿಮೆ ಬಿದ್ದ ವರ್ಷ
ಸರ್ವಮಂಗಳ ಟೀಚರು ಅಂಗಳದಲ್ಲಿ ನಿಂತು,
ಎರಡು ಉಂಟಲ್ಲ ನಿಮಗೆ, ಒಂದು ನಮಗೆ ಕೊಡಿ ಎಂದರಂತೆ,
ಒಂದು ಸೇರು ಅಕ್ಕಿ ಕಡ ಕೇಳುವ ಹಾಗೆ.
ಯಾವುದನ್ನು?
ಗೂಡ್ಸ್ ಆಟೋದ ಗಂಗಾಧರ ಗಟ್ಟಿ
ಕಿಸೆಯಿಂದ ಒಂದು ರೂಪಾಯಿ ತೆಗೆದು ಚಿಮ್ಮಿದರಂತೆ.

ಕೇಳಿದ ರಾತ್ರಿ ನನಗೆ ನಿದ್ದೆ ಇಲ್ಲ.
ಅರವತ್ತೊಂದು ಮಕ್ಕಳಲ್ಲಿ ಇವರಿಬ್ಬರೇ ನನ್ನ ನಿಜವಾದ ಪ್ರಯೋಗ!
ನಾಣ್ಯಕ್ಕೆ ಅಜ್ಜ ಇಲ್ಲ,
ನಾಣ್ಯಕ್ಕೆ ಪಿಎಸ್‌ಸಿ ಗೊತ್ತಿಲ್ಲ.

ಆದರೆ ಅವರದು ಒಂದೇ ಹೊದಿಕೆ.
ದೀಪ ಆರಿದ ಮೇಲೆ ಬೆನ್ನಿನ ಮೇಲೆ ಬೆರಳಲ್ಲಿ ಬರೆಯುವ ಆಟ,
ಹಗಲಿಡೀ ಇವಳು ಕಲಿತ ಕ ಅವಳ ಬೆನ್ನಿಗೆ,
ಅವಳದು ಇವಳಿಗೆ, ಕಚಗುಳಿ ತಡೆಯದೆ ಹೊರಳಿ ಅಳಿಸುವುದು.
ಎರಡನೆಯ ಪರೀಕ್ಷೆಯಲ್ಲಿ ಧನ್ವಿತಾ
ಕಿಟಕಿಯನ್ನು ಮಲಯಾಳದ ಅಕ್ಷರದಲ್ಲಿ ಬರೆದಿಟ್ಟಳು.
ಗುಂಪುಗಳು ಸೋರಿವೆ,
ಅಂಚಿನಲ್ಲಿ ಗೈಡ್ ಗೀಚಿದರು, ಕೆಂಪು ಶಾಯಿ.
ಒಬ್ಬಳಿಗೆ ಎಂಟು, ಒಬ್ಬಳಿಗೆ ಒಂಬತ್ತು.
ಯಾರಿಗೆ ಯಾವುದೆಂದು ಪ್ರಬಂಧದಲ್ಲಿ ಉಂಟು, ಇಲ್ಲಿ ಬೇಡ.

ಕೊನೆಯ ದಿನ ಚಹಾ ಕೊಡುತ್ತ ಜಲಜಾಕ್ಷಿ ನಕ್ಕುಬಿಟ್ಟರು:
ಚಿಮ್ಮಿದ್ದು ಹೌದು. ಆದರೆ ಕೈಗೆ ಎಲ್ಲಿ ಸಿಕ್ಕಿತು?
ಉರುಳಿಕೊಂಡು ಹೋಗಿ ಕಪಾಟಿನ ಅಡಿ ಸೇರಿತು.
ಇವರು ಬಗ್ಗಿ ನೋಡಲೂ ಇಲ್ಲ, ಸೊಂಟನೋವು.
ಧನ್ವಿತಾ ಹೋಗಲಿ ಅಂದರು,
ಅವಳಿಗೆ ಅಳು ಕಡಿಮೆಯಲ್ಲವಾ.

ಲೋಟ ಅರ್ಧಕ್ಕೇ ನಿಂತಿತು.
ಕಪಾಟು ಅಲ್ಲೇ ಉಂಟು, ಮೇಲೆ ಮಡಚಿಟ್ಟ ಯೂನಿಫಾರ್ಮ್.
ಮಾತು ಕೇಳಿಸಿಕೊಂಡ ಇಬ್ಬರೂ ಆಗಲೇ
ನೆಲಕ್ಕೆ ಹೊಟ್ಟೆ ಕೊಟ್ಟು ಮಲಗಿ
ಮುರಿದ ಕೊಡೆಯ ಕಡ್ಡಿಯನ್ನು ಒಳಗೆ ತೂರಿಸುತ್ತಿದ್ದಾರೆ.
ಬೇಡ ಮಕ್ಕಳೇ, ಮಗುಚಿಬಿಟ್ಟೀತು,
ಎನ್ನುವಷ್ಟರಲ್ಲಿ ಕತ್ತಲಲ್ಲಿ
ಕಡ್ಡಿಗೆ ಏನೋ ತಾಗಿ ಕಿಣಿಂ ಎಂದಿತು.